ಡಾಗ್, ಬಾಯ್, ಗರ್ಲ್: ಸುಲಭ ಪದಗಳ ಬಗೆಹರಿಯದ ಮೂಲ

ಎಲ್‌ಕೆಜಿ ಮಕ್ಕಳ ಚಿತ್ರಪುಸ್ತಕದಲ್ಲಿ ಮೊದಲಿಗೇ ಸಿಗುವ ಇಂಗ್ಲಿಷ್ ಪದಗಳು ಯಾವುವು? ಡಾಗ್, ಪಿಗ್, ಬಾಯ್, ಗರ್ಲ್, ಬಿಗ್, ಬ್ಯಾಡ್. ಈ ಆರರಲ್ಲಿ ಒಂದರ ಮೂಲವನ್ನೂ ವಿದ್ವಾಂಸರು ಒಮ್ಮತದಿಂದ ಹೇಳಿಲ್ಲ. ಅದೇ 'ಡೆಮಾಕ್ರಸಿ', 'ಟೆಲಿಫೋನ್', 'ಜಿಯಾಗ್ರಫಿ'ಯಂಥ ಭಾರೀ ಪದಗಳನ್ನು ಕೊಟ್ಟರೆ ಗ್ರೀಕ್ ಬಲ್ಲವರು ನಿಂತ ನಿಲುವಿನಲ್ಲೇ ಬಿಡಿಸಿಡುತ್ತಾರೆ. ದೊಡ್ಡ ಪದಗಳನ್ನು ಓದುಬರಹ ಬಲ್ಲವರು ಕಟ್ಟಿದರು, ಕಟ್ಟಿದೊಡನೆ ಅವು ಕಾಗದಕ್ಕೂ ಬಂದವು. ಸಣ್ಣ ಪದಗಳು ಹೊಲದಲ್ಲಿ, ಹಟ್ಟಿಯಲ್ಲಿ, ತೊಟ್ಟಿಲ ಬದಿಯಲ್ಲಿ ಹುಟ್ಟಿದವು. ಯಾರಾದರೂ ಅವನ್ನು ಬರೆದಿಡುವ ಹೊತ್ತಿಗೆ ಎಷ್ಟೋ ತಲೆಮಾರು ಕಳೆದಿದ್ದವು.

ಇಂಗ್ಲಿಷ್ ಮಿಶ್ರ ಭಾಷೆ ಎಂಬ ಮಾತು ಎಲ್ಲರಿಗೂ ಗೊತ್ತು. 1973ರಲ್ಲಿ ಫಿಂಕೆನ್‌ಸ್ಟೇಟ್ ಮತ್ತು ವೋಲ್ಫ್ ಎಂಬಿಬ್ಬರು ಜರ್ಮನ್ ವಿದ್ವಾಂಸರು ಸುಮಾರು 80,000 ಪದಗಳನ್ನು ಎಣಿಸಿದಾಗ ಲ್ಯಾಟಿನ್ ಹಾಗೂ ಫ್ರೆಂಚ್ ಮೂಲದವು ತಲಾ ಶೇ 28ರಷ್ಟು, ಜರ್ಮಾನಿಕ್, ಅಂದರೆ ಇಂಗ್ಲಿಷಿನದೇ ಕುಟುಂಬದ ಮೂಲದವು ಶೇ 25ರಷ್ಟು ಕಂಡವು. ಆದರೆ ಇದು ನಿಘಂಟಿನ ಲೆಕ್ಕ. ಬಾಯಲ್ಲಿ ಆಡುವ ಮಾತಿನ ಲೆಕ್ಕವೇ ಬೇರೆ. ಅತಿ ಹೆಚ್ಚು ಬಳಕೆಯಾಗುವ ನೂರು ಪದಗಳನ್ನು ಆಯ್ದರೆ ಹೆಚ್ಚುಕಡಿಮೆ ಎಲ್ಲವೂ ಹಳೆಯ ಇಂಗ್ಲಿಷಿನವು, ಇಲ್ಲವೇ ಅದರ ಸೋದರ ಭಾಷೆ ನಾರ್ಸ್‌ನಿಂದ ಬಂದವು. ವಾದಗಳು ಹುಟ್ಟಿರುವುದು ಈ ದಿನಬಳಕೆಯ ಪದಗಳ ಸುತ್ತಲೇ.

ಪ್ರಶ್ನೆ ಎರಡು ಬಗೆಯದು. ಒಂದು ಪದ ಎಲ್ಲಿಂದ ಬಂತೆಂದು ಯಾವ ಆಧಾರದ ಮೇಲೆ ಹೇಳಬೇಕು? ಹಾಗೆ ಗೊತ್ತಾದ ಮೂಲಕ್ಕೆ ಇಂದಿನ ಅರ್ಥದ ಮೇಲೆ ಏನಾದರೂ ಹಕ್ಕಿದೆಯೇ? ಎರಡಕ್ಕೂ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ, ಉತ್ತರ ಕೊಟ್ಟವರಲ್ಲಿ ಪಂಥಗಳಿವೆ.

ಊಹೆಯೇ ಪ್ರಮಾಣವಾಗಿದ್ದ ಕಾಲ

18ನೇ ಶತಮಾನದ ಕೊನೆಯವರೆಗೆ ಪದಮೂಲ ಹುಡುಕುವುದೆಂದರೆ ಹೋಲಿಕೆ ಹುಡುಕುವುದು. 1755ರಲ್ಲಿ ಮಹಾ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್‌ಗೂ ಬೇರೆ ದಾರಿ ಇರಲಿಲ್ಲ. 'ಸ್ಪೈಡರ್' ಎಂಬುದು 'ಸ್ಪೈ' ಮತ್ತು 'ಡಾರ್' ಸೇರಿ ಆಗಿರಬಹುದೇ, ಅಂದರೆ ಡಾರ್ ಎಂಬ ದುಂಬಿಯ ಮೇಲೆ ಕಣ್ಣಿಟ್ಟು ಕಾಯುವ ಹುಳುವೇ ಎಂದು ಆತ ಕೇಳಿದ. ನಿಜದಲ್ಲಿ ಅದು 'ಸ್ಪಿನ್' ಧಾತುವಿನ ಪದ, ನೂಲುವುದು ಎಂದರ್ಥ. ಜಾನ್ಸನ್ ಪದಗಳ ಅರ್ಥ ಬಿಡಿಸಿದ ಜಾಣ್ಮೆಗೆ ಇಂದಿಗೂ ತಲೆದೂಗಬೇಕು, ಮೂಲದ ವಿಷಯದಲ್ಲಿ ಮಾತ್ರ ಕತ್ತಲಲ್ಲಿ ಕೈಯಾಡಿಸುತ್ತಿದ್ದ.

ಅಮೆರಿಕದ ನೋವಾ ವೆಬ್‌ಸ್ಟರ್ ಇನ್ನೂ ಮುಂದೆ ಹೋದ. 70,000 ಪದಗಳ ತನ್ನ 1828ರ ನಿಘಂಟಿಗಾಗಿ ಇಪ್ಪತ್ತರಷ್ಟು ಭಾಷೆಗಳನ್ನು ಹೋಲಿಸಲು ವರ್ಷಗಟ್ಟಲೆ ಕೂತ. ಬೈಬಲ್ಲಿನ ಬೇಬಲ್ ಗೋಪುರದ ಕಥೆಯನ್ನು ಅಕ್ಷರಶಃ ನಂಬಿದ್ದರಿಂದ ಎಲ್ಲ ಭಾಷೆಗಳೂ ಚಾಲ್ಡೀ ಎಂಬ ಒಂದೇ ಮೂಲದಿಂದ ಬಂದವೆಂದು ಹೊರಟ. ಆ ಹೊತ್ತಿಗೆ ಜರ್ಮನಿಯಲ್ಲಿ ಹೊಸ ವಿಜ್ಞಾನವೇ ತಲೆಯೆತ್ತಿತ್ತು, ಆತ ಅತ್ತ ನೋಡಲಿಲ್ಲ. ಆತ ತೀರಿಕೊಂಡ ಮೇಲೆ 1864ರ ಆವೃತ್ತಿಗಾಗಿ ಮಾನ್ ಎಂಬ ಜರ್ಮನ್ ವಿದ್ವಾಂಸನಿಂದ ಆ ವ್ಯುತ್ಪತ್ತಿಗಳನ್ನು ಹೊಸದಾಗಿ ಬರೆಸಬೇಕಾಯಿತು.

ಧ್ವನಿ ನಿಯಮದ ಪಂಥ

ಆ ಹೊಸ ವಿಜ್ಞಾನದ ಬೀಜ ಬಿದ್ದದ್ದು ಕಲ್ಕತ್ತೆಯಲ್ಲಿ. 1786ರ ಫೆಬ್ರುವರಿಯಲ್ಲಿ ಏಷ್ಯಾಟಿಕ್ ಸೊಸೈಟಿಯ ಮುಂದೆ ವಿಲಿಯಂ ಜೋನ್ಸ್ ಮಾತಾಡುತ್ತಾ, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ನಡುವಿನ ನಂಟು ಆಕಸ್ಮಿಕವಲ್ಲ, ಬಹುಶಃ ಈಗ ಉಳಿದಿಲ್ಲದ ಒಂದು ಸಮಾನ ಮೂಲದಿಂದ ಅವು ಹೊಮ್ಮಿವೆ ಎಂದರು. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್, ಜರ್ಮನಿಯ ಯಾಕೋಬ್ ಗ್ರಿಮ್ ಆ ನಂಟಿಗೆ ಲೆಕ್ಕ ಹಾಕಿದರು. 1822ರಲ್ಲಿ ಗ್ರಿಮ್ ಮುಂದಿಟ್ಟ ನಿಯಮದ ಪ್ರಕಾರ ಮೂಲದ ಪಕಾರ ಇಂಗ್ಲಿಷಿನ ಕುಟುಂಬದಲ್ಲಿ ಫಕಾರವಾಗುತ್ತದೆ (ಪಿತೃ, ಫಾದರ್, ಪಾದ, ಫುಟ್), ದಕಾರ ಟಕಾರವಾಗುತ್ತದೆ (ದಶ, ಟೆನ್, ದಂತ, ಟೂತ್), ಕಕಾರ ಹಕಾರವಾಗುತ್ತದೆ.

ಕನ್ನಡದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಳಗನ್ನಡದ ಪಾಲ್ ಹಾಲಾಗಿದ್ದು, ಪುಲಿ ಹುಲಿಯಾಗಿದ್ದು, ಪೂ ಹೂವಾಗಿದ್ದು ಶಾಲೆಯಲ್ಲೇ ಗೊತ್ತಾಗಿರುತ್ತದೆ. ಒಂದು ಪದದಲ್ಲಿ ಆದ ಬದಲಾವಣೆ ಅಂಥವೇ ನೂರಾರು ಪದಗಳಲ್ಲೂ ಸಾಲಾಗಿ ಆಗುತ್ತದೆ ಎಂಬುದೇ ಧ್ವನಿ ನಿಯಮದ ತಿರುಳು.

ಈ ಪಂಥದ ಬಲ ಗೊತ್ತಾಗುವುದು ಅದು ಕೂಡಿಸಿದ ಪದಗಳಿಗಿಂತ ಹೆಚ್ಚಾಗಿ ಬೇರ್ಪಡಿಸಿದ ಪದಗಳಲ್ಲಿ. ನಮ್ಮ 'ದಿನ' ಮತ್ತು ಇಂಗ್ಲಿಷಿನ 'ಡೇ' ಕಣ್ಣಿಗೆ ಒಂದೇ ಮನೆಯವು. ಅರ್ಥ ಒಂದೇ, ಮೊದಲ ಅಕ್ಷರವೂ ಒಂದೇ ತರಹ. ಆದರೆ ಮೂಲದ ದಕಾರ ಇಂಗ್ಲಿಷಿನಲ್ಲಿ ಟಕಾರವಾಗಬೇಕಿತ್ತು, ಇಲ್ಲಿ ಆಗಿಲ್ಲ. ಹಾಗಾಗಿ ಇವೆರಡಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನ 'ದಿಯೆಸ್' ಮಾತ್ರ ನಮ್ಮ ದಿನದ ಬಳಗದ್ದೇ. ಬೆಳಗುವುದು ಎಂಬರ್ಥದ ಅದೇ ಧಾತುವಿನಿಂದ 'ದೇವ' ಬಂದಿದೆ, ಜರ್ಮಾನಿಕ್ ಜನರ ದೇವತೆ 'ಟಿವ್' ಬಂದಿದೆ. ಹಾಗಾಗಿ 'ಟ್ಯೂಸ್‌ಡೇ' ಪದದ ಮೊದಲರ್ಧ ನಮ್ಮ ದೇವ, ದಿನಗಳ ನೆಂಟ, ಉತ್ತರಾರ್ಧವಾದ 'ಡೇ' ಹೊರಗಿನದು. ಆ 'ಡೇ'ಯನ್ನು ಸಂಸ್ಕೃತದ 'ದಹ್' ಧಾತುವಿಗೆ, ಅಂದರೆ ನಮ್ಮ ದಹನಕ್ಕೆ ಜೋಡಿಸುವವರಿದ್ದಾರೆ. ಅದಕ್ಕೆ ಪೂರ್ತಿ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಇದೇ ಬಗೆಯಲ್ಲಿ ಇಂಗ್ಲಿಷಿನ 'ಹ್ಯಾವ್' ಪದಕ್ಕೂ ಅದೇ ಅರ್ಥದ ಲ್ಯಾಟಿನ್ 'ಹಬೇರೆ'ಗೂ ನಂಟಿಲ್ಲ. ಹಿಡಿಯುವುದು ಎಂಬರ್ಥದ 'ಕಾಪೆರೆ' ಅದರ ನಿಜವಾದ ಜ್ಞಾತಿ.

ನಿಯಮಕ್ಕೆ ಅಪವಾದ ಕಂಡಾಗ ಪಂಥ ಸೋಲೊಪ್ಪಲಿಲ್ಲ. ಸಂಸ್ಕೃತದ ಪಿತೃ, ಭ್ರಾತೃ ಎರಡರಲ್ಲೂ ನಡುವೆ ತಕಾರ ಇರುವಾಗ ಜರ್ಮನ್ ಭಾಷೆಯಲ್ಲಿ 'ಫಾಟರ್' ಮತ್ತು 'ಬ್ರೂಡರ್' ಎಂದು ಬೇರೆ ಬೇರೆ ವ್ಯಂಜನ ಏಕೆ? 1870ರ ದಶಕದಲ್ಲಿ ಡೇನಿಷ್ ವಿದ್ವಾಂಸ ಕಾರ್ಲ್ ವೆರ್ನರ್ ಉತ್ತರವನ್ನು ವೇದದ ಸ್ವರಗಳಲ್ಲಿ ಹುಡುಕಿ ತೆಗೆದ. ಪಿತೃವಿನಲ್ಲಿ ಉದಾತ್ತ, ಅಂದರೆ ಏರುಸ್ವರ, ಕೊನೆಯ ಅಕ್ಷರದ ಮೇಲೆ, ಭ್ರಾತೃವಿನಲ್ಲಿ ಮೊದಲ ಅಕ್ಷರದ ಮೇಲೆ. ಸಾವಿರಾರು ವರ್ಷ ವೇದಪಾಠಿಗಳು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಸ್ವರ ಜರ್ಮಾನಿಕ್ ಭಾಷೆಗಳ ಒಂದು ತೊಡಕನ್ನು ಬಿಡಿಸಿತು. ಪದಮೂಲ ಶಾಸ್ತ್ರದ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ಪ್ರಸಂಗ ಅಪರೂಪ.

ಇಷ್ಟಾದರೂ ಧ್ವನಿ ನಿಯಮಕ್ಕೆ ಒಂದು ಷರತ್ತಿದೆ. ಹೋಲಿಸಲು ಬೇರೆ ಭಾಷೆಯಲ್ಲಿ ಜ್ಞಾತಿಪದ ಇರಲೇಬೇಕು. ನಾಯಿಗೆ ಇಂಗ್ಲಿಷಿನ ಹಳೆಯ ಪದ 'ಹೌಂಡ್'. ಅದಕ್ಕೆ ಲ್ಯಾಟಿನ್ನಿನ 'ಕಾನಿಸ್', ಸಂಸ್ಕೃತದ 'ಶ್ವನ್', ನಮ್ಮಲ್ಲಿ ಬಳಕೆಯಲ್ಲಿರುವ 'ಶ್ವಾನ' ಎಲ್ಲವೂ ಸಾಕ್ಷಿ ಹೇಳುತ್ತವೆ. 'ಡಾಗ್'ಗೆ ಒಂದು ಸಾಕ್ಷಿಯೂ ಇಲ್ಲ.

ದಾಖಲೆಯ ಪಂಥ

ಎರಡನೆಯ ಪಂಥಕ್ಕೆ ಮುಖ್ಯವಾದದ್ದು ತಾರೀಖು. 1857ರಲ್ಲಿ ಲಂಡನ್ನಿನ ಫಿಲಾಲಾಜಿಕಲ್ ಸೊಸೈಟಿಯಲ್ಲಿ ರಿಚರ್ಡ್ ಶೆನೆವಿಕ್ಸ್ ಟ್ರೆಂಚ್ ಎಂಬ ಪಾದ್ರಿ ಆಗಿನ ನಿಘಂಟುಗಳ ಕೊರತೆಗಳನ್ನು ಪಟ್ಟಿಮಾಡಿದರು. ಪ್ರತಿ ಪದದ ಚರಿತ್ರೆಯನ್ನು ಬರಹದ ಆಧಾರದಿಂದಲೇ ಹೇಳಬೇಕೆಂಬ ಆ ಬೇಡಿಕೆಯಿಂದ ಹುಟ್ಟಿದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಜೇಮ್ಸ್ ಮರ್ರೆ 1879ರಲ್ಲಿ ಸಂಪಾದಕತ್ವ ವಹಿಸಿಕೊಂಡರು. ಮೊದಲ ಸಂಚಿಕೆ 1884ರಲ್ಲಿ ಬಂತು, ಕೊನೆಯದು ಬರುವ ಹೊತ್ತಿಗೆ 1928 ಆಗಿತ್ತು, ಮರ್ರೆ ತೀರಿಕೊಂಡು 13 ವರ್ಷ ಕಳೆದಿತ್ತು. ಓದುಗ ಸ್ವಯಂಸೇವಕರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ಕಳಿಸುತ್ತಿದ್ದರು, ಅಂಥ ಚೀಟಿಗಳು 50 ಲಕ್ಷದಷ್ಟು ಬಂದವು. ಮೊದಲ ಮಹಾಯುದ್ಧದಿಂದ ಮರಳಿದ ಜೆ. ಆರ್. ಆರ್. ಟೋಲ್ಕಿನ್, ಕಾದಂಬರಿಕಾರರಾಗಿ ಹೆಸರಾಗುವ ಎಷ್ಟೋ ಮೊದಲು, ಇಲ್ಲಿ ಡಬ್ಲ್ಯು ಅಕ್ಷರದ ಕೆಲವು ಪದಗಳ ಮೇಲೆ ದುಡಿದರು. 'ವಾಲ್ರಸ್' ಒಂದರ ಮೂಲಕ್ಕೇ ಅವರು ಹಲವು ಕರಡುಗಳನ್ನು ಬರೆದು ಹೊಡೆದುಹಾಕಿದ್ದಾರೆ.

ಈ ವಿಧಾನದ ಗೆಲುವಿಗೆ 'ಓಕೆ'ಗಿಂತ ಒಳ್ಳೆಯ ಉದಾಹರಣೆ ಬೇಡ. ಇಡೀ ಜಗತ್ತು ಆಡುವ ಈ ಪದಕ್ಕೆ ಮೂಲಗಳ ಸಂತೆಯೇ ನೆರೆದಿತ್ತು. ಅಮೆರಿಕದ ಮೂಲನಿವಾಸಿ ಚಾಕ್ಟಾ ಜನರ 'ಓಕೆ' ಎಂದರು ಕೆಲವರು. ಪಶ್ಚಿಮ ಆಫ್ರಿಕದ ವೊಲೊಫ್ ಭಾಷೆಯಿಂದ ಗುಲಾಮರ ಜೊತೆ ಬಂತೆಂದರು ಇನ್ನು ಕೆಲವರು. ಸ್ಕಾಟ್‌ಲೆಂಡಿನ 'ಆಕ್ ಆಯ್', ಗ್ರೀಕಿನ 'ಓಲಾ ಕಲಾ' ಕೂಡ ಸರದಿಯಲ್ಲಿದ್ದವು. ಕೊಲಂಬಿಯಾ ವಿಶ್ವವಿದ್ಯಾಲಯದ ಆಲನ್ ವಾಕರ್ ರೀಡ್ ಹಳೆಯ ಪತ್ರಿಕೆಗಳ ರಾಶಿಯಲ್ಲಿ ಹುಡುಕಿ, 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್‌ನ ಒಂದು ಬರಹವನ್ನು ಎತ್ತಿ ತೋರಿಸಿದರು. ಅಲ್ಲಿ 'ಓ.ಕೆ.' ಪಕ್ಕದಲ್ಲೇ ಅದರ ಅರ್ಥವೂ ಇತ್ತು: 'ಆಲ್ ಕರೆಕ್ಟ್'. 'ಆಲ್ ಕರೆಕ್ಟ್'ನ್ನು ಬೇಕೆಂದೇ 'ಓಲ್ ಕೊರೆಕ್ಟ್' ಎಂದು ತಪ್ಪಾಗಿ ಬರೆದು ಮೊದಲಕ್ಷರ ತೆಗೆಯುವುದು ಆಗಿನ ಬಾಸ್ಟನ್ ಪತ್ರಕರ್ತರ ಚೇಷ್ಟೆ. 'ಆಲ್ ರೈಟ್'ಗೆ 'ಓ.ಡಬ್ಲ್ಯು.' ಎಂದೂ ಬರೆಯುತ್ತಿದ್ದರು, ಅದು ಸತ್ತಿತು. ಓಕೆ ಬದುಕಿದ್ದಕ್ಕೆ ಮರುವರ್ಷದ ಅಧ್ಯಕ್ಷ ಚುನಾವಣೆ ಕಾರಣ. ಅಭ್ಯರ್ಥಿ ಮಾರ್ಟಿನ್ ವ್ಯಾನ್ ಬ್ಯೂರನ್‌ನ ಊರು ಕಿಂಡರ್‌ಹುಕ್, ಬೆಂಬಲಿಗರಿಗೆ ಆತ 'ಓಲ್ಡ್ ಕಿಂಡರ್‌ಹುಕ್'. ಎರಡು ಓಕೆಗಳು ಒಂದರೊಳಗೊಂದು ಬೆರೆತವು. ರೀಡ್ 1963-64ರಲ್ಲಿ ಪ್ರಕಟಿಸಿದ ಈ ಸರಣಿ ಲೇಖನಗಳ ಮುಂದೆ ಉಳಿದ ವಾದಗಳು ನಿಲ್ಲಲಿಲ್ಲ.

ಭಾರತಕ್ಕೆ ಗಂಟುಬಿದ್ದ ಒಂದು ಕಥೆಯೂ ಹೀಗೆಯೇ ಕುಸಿಯಿತು. ಇಂಗ್ಲೆಂಡಿನಿಂದ ಬೊಂಬಾಯಿಗೆ ಬರುವಾಗ ಹಡಗಿನ ಎಡಬದಿಯ ಕೋಣೆಗಳಿಗೆ ಬಿಸಿಲು ಕಡಿಮೆ, ಹಿಂದಿರುಗುವಾಗ ಬಲಬದಿಗೆ. ಹಣವಂತರ ಟಿಕೆಟ್ ಮೇಲೆ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ಮೊದಲಕ್ಷರಗಳನ್ನು ಒತ್ತುತ್ತಿದ್ದರು, ಅದರಿಂದ 'ಪಾಶ್' ಬಂತು ಎಂಬ ಕಥೆ. ಅಂಥ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಪದ ಅಚ್ಚಿನಲ್ಲಿ ಕಾಣುವುದು 1914ರಲ್ಲಿ, ಕಥೆ ಕಾಣುವುದು 1930ರ ದಶಕದಲ್ಲಿ. 'ನ್ಯೂಸ್' ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂದು ನಮ್ಮ ಎಷ್ಟೋ ತರಗತಿಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ. ಅದು 'ನ್ಯೂ' ಪದಕ್ಕೆ ಬಹುವಚನ ಹತ್ತಿದ್ದಷ್ಟೇ, ಹೊಸ ಸಂಗತಿಗಳು ಎಂದರ್ಥ. ಮೊದಲಕ್ಷರಗಳನ್ನು ಕೂಡಿಸಿ ಪದ ಮಾಡುವ ರೂಢಿ 20ನೇ ಶತಮಾನಕ್ಕೆ ಮೊದಲು ತೀರಾ ವಿರಳವಾಗಿತ್ತು. ಹಳೆಯ ಪದಕ್ಕೆ ಇಂಥ ವಿವರಣೆ ಕೇಳಿದಾಗಲೆಲ್ಲ ಅನುಮಾನ ಪಡುವುದೇ ಕ್ಷೇಮ.

ಎರವಲಿನ ದಾರಿಗಳು

ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ತಾನು ಅಚ್ಚುಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಥೇಮ್ಸ್ ನದಿಯಲ್ಲಿ ಗಾಳಿಗಾಗಿ ಕಾಯುತ್ತಿದ್ದ ಹಡಗಿನಿಂದ ಇಳಿದ ವ್ಯಾಪಾರಿಗಳಲ್ಲೊಬ್ಬ ಒಂದು ಮನೆಗೆ ಹೋಗಿ 'ಎಗ್' ಕೇಳಿದ. ಮನೆಯಾಕೆ ತನಗೆ ಫ್ರೆಂಚ್ ಬಾರದು ಎಂದಳು. ಫ್ರೆಂಚ್ ಬಾರದ ವ್ಯಾಪಾರಿಗೆ ಸಿಟ್ಟು ಬಂತು. ಜೊತೆಗಿದ್ದವನು 'ಐರೆನ್' ಬೇಕು ಎಂದಾಗ ಆಕೆಗೆ ಮೊಟ್ಟೆ ಎಂದು ತಿಳಿಯಿತು. 'ಐರೆನ್' ಇಂಗ್ಲಿಷಿನ ಸ್ವಂತ ಪದ. 'ಎಗ್' ಉತ್ತರದಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಪದ. ಎರಡೂ ಒಂದೇ ಮೂಲದ ಕವಲುಗಳು, ಆದರೂ ಒಂದು ಇನ್ನೊಂದನ್ನು ಹೊರಹಾಕಿತು.

'ಸ್ಕೈ', 'ಸ್ಕಿನ್', 'ನೈಫ್', 'ವಿಂಡೋ' ಎಲ್ಲವೂ ನಾರ್ಸ್‌ನವು. ಕಿಟಕಿಗೆ ಅವರು ಕೊಟ್ಟ ಹೆಸರು ಗಾಳಿಗಣ್ಣು. 'ದೇ' ಎಂಬ ಸರ್ವನಾಮವೂ ಅಲ್ಲಿಂದಲೇ ಬಂತೆಂಬುದು ಬಹುಕಾಲದ ಪಾಠ. ಸರ್ವನಾಮವನ್ನು ಎರವಲು ಪಡೆಯುವುದು ಭಾಷೆಗಳಲ್ಲಿ ಅಪರೂಪ, ಅದಕ್ಕೇ ಎರಡು ಜನಾಂಗಗಳು ಎಷ್ಟು ಹತ್ತಿರ ಬದುಕಿದ್ದವು ಎನ್ನಲು ಇದನ್ನು ಸಾಕ್ಷಿಯಾಗಿ ಕೊಡುತ್ತಾರೆ. ಇತ್ತೀಚೆಗೆ ಮಾರ್ಸೆಲ್ ಕೋಲ್ ಎಂಬ ವಿದ್ವಾಂಸೆ, ಹಳೆಯ ಇಂಗ್ಲಿಷಿನದೇ ನಿರ್ದೇಶಕ ಸರ್ವನಾಮದಿಂದ ಅದು ಬೆಳೆದಿರಬಹುದೆಂದು ವಾದಿಸಿದ್ದಾರೆ. ಮುಗಿಯಿತು ಎಂದುಕೊಂಡ ಕಡತ ಮತ್ತೆ ತೆರೆದಿದೆ.

ಫ್ರೆಂಚ್ ಎರವಲಿನ ಕಥೆ ಚಿರಪರಿಚಿತ. ಹಟ್ಟಿಯಲ್ಲಿದ್ದಾಗ 'ಕೌ', ತಟ್ಟೆಗೆ ಬಂದಾಗ 'ಬೀಫ್', ಏಕೆಂದರೆ ಸಾಕಿದವನು ಸ್ಯಾಕ್ಸನ್, ತಿಂದವನು ಇಂಗ್ಲೆಂಡನ್ನು ಗೆದ್ದು ಆಳಿದ ಫ್ರೆಂಚ್ ಮಾತಿನ ನಾರ್ಮನ್. ವಾಲ್ಟರ್ ಸ್ಕಾಟ್‌ನ 1819ರ ಕಾದಂಬರಿ 'ಐವನ್‌ಹೋ' ಇದನ್ನು ಜನಪ್ರಿಯಗೊಳಿಸಿತು. ದಾಖಲೆಗಳು ಇದನ್ನು ಅರ್ಧ ಮಾತ್ರ ಒಪ್ಪುತ್ತವೆ. ಪದಗಳು ಫ್ರೆಂಚಿನವು ಎಂಬುದು ನಿಜ, ಆದರೆ 'ಬೀಫ್', 'ಮಟನ್' ಶತಮಾನಗಳ ಕಾಲ ಜೀವಂತ ಪ್ರಾಣಿಗೂ ಬಳಕೆಯಾಗುತ್ತಿದ್ದವು. ಹಟ್ಟಿಗೂ ತಟ್ಟೆಗೂ ನಡುವಿನ ಗೆರೆ ನಿಧಾನವಾಗಿ ಮೂಡಿತು.

ದಕ್ಷಿಣ ಭಾರತಕ್ಕೆ ಹತ್ತಿರದ್ದು 'ಜಿಂಜರ್'. ಇಂಗ್ಲಿಷಿಗೆ ಅದು ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ ಗ್ರೀಕಿನ 'ಜಿಂಗಿಬೆರಿಸ್'ನಿಂದ ಬಂತು. ಗ್ರೀಕಿಗೆ ಪಾಲಿ ಭಾಷೆಯ 'ಸಿಂಗಿವೇರ'ದಂಥ ರೂಪದಿಂದ. ಸಂಸ್ಕೃತದ 'ಶೃಂಗವೇರ'ವನ್ನು ನೋಡಿ, ಕೊಂಬಿನಾಕಾರದ್ದು ಎಂಬ ಅರ್ಥ ಹೇಳುವ ಪರಿಪಾಠವಿತ್ತು. 1952ರಲ್ಲಿ ಆಲನ್ ರಾಸ್ ಈ ಒಂದು ಪದದ ಮೇಲೆಯೇ ಒಂದು ಪುಸ್ತಕ ಬರೆದು ದ್ರಾವಿಡ ಮೂಲವನ್ನು ಎತ್ತಿಹಿಡಿದರು. ತಮಿಳು, ಮಲಯಾಳಂಗಳ 'ಇಂಜಿ', ಅದಕ್ಕೆ ಸೇರಿದ 'ವೇರ್'. ಆ ವೇರ್ ನಮ್ಮ 'ಬೇರು'. ಇದು ನಿಜವಾದರೆ ಕೊಂಬಿನ ಕಥೆ ಸಂಸ್ಕೃತ ಪಂಡಿತರು ಅಪರಿಚಿತ ಪದಕ್ಕೆ ತೊಡಿಸಿದ ವೇಷ, ಜನಪದ ನಿಷ್ಪತ್ತಿ ಜನಪದರದ್ದಷ್ಟೇ ಅಲ್ಲ ಎಂಬುದಕ್ಕೆ ಒಳ್ಳೆಯ ನಿದರ್ಶನ. 'ರೈಸ್' ವಿಷಯದಲ್ಲಿ ಇಷ್ಟು ಧೈರ್ಯ ಸಲ್ಲದು. ಗ್ರೀಕಿನ 'ಒರುಜಾ'ವನ್ನು ತಮಿಳಿನ 'ಅರಿಸಿ'ಗೆ ದ್ರಾವಿಡ ಭಾಷಾ ವಿದ್ವಾಂಸ ಕಾಲ್ಡ್‌ವೆಲ್ ಜೋಡಿಸಿದರು. ಇರಾನಿನ ಭಾಷೆಗಳ ಮೂಲಕ ಸಂಸ್ಕೃತದ 'ವ್ರೀಹಿ'ಗೆ ಜೋಡಿಸುವವರು ಇಂದು ಹೆಚ್ಚು.

ಕಳೆದುಹೋದ ಭಾಷೆಯ ವಾದ

ಜ್ಞಾತಿಪದವೂ ಇಲ್ಲ, ಎರವಲಿನ ಜಾಡೂ ಇಲ್ಲ ಎಂದರೆ ಏನು ಮಾಡುವುದು? ಸಂಸ್ಕೃತ, ಗ್ರೀಕ್‌ಗಳ ಸಮಾನ ಮೂಲಭಾಷೆಯವರಾದ ಇಂಡೋ-ಯುರೋಪಿಯನ್ನರು ಬರುವ ಮೊದಲು ಉತ್ತರ ಯುರೋಪಿನಲ್ಲಿ ಬೇರೆ ಭಾಷೆಯೊಂದಿತ್ತು, ಅದರ ಪದಗಳು ಜರ್ಮಾನಿಕ್ ಭಾಷೆಗಳ ತಳದಲ್ಲಿ ಉಳಿದಿವೆ ಎನ್ನುತ್ತದೆ ಮೂರನೆಯ ಪಂಥ. 1932ರಲ್ಲಿ ಸಿಗ್ಮಂಡ್ ಫೈಸ್ಟ್ ಜರ್ಮಾನಿಕ್ ಪದಗಳಲ್ಲಿ ಮೂರನೇ ಒಂದು ಪಾಲು ಹೀಗೆ ಬಂದವು ಎಂದರು. 'ಸೀ', 'ಶಿಪ್', 'ಶೀಪ್' ಮುಂತಾದವು ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ನೆದರ್‌ಲೆಂಡಿನ ಲೈಡನ್ ವಿದ್ವಾಂಸರು, ಅದರಲ್ಲೂ ಗುಸ್ ಕ್ರೋನೆನ್, ಹಿಂದಿನ ರೈತ ಸಮುದಾಯಗಳ ಭಾಷೆಯಿಂದ ಬೇಸಾಯದ ಪದಗಳು ಉಳಿದುಕೊಂಡವು ಎಂಬ ರೂಪದಲ್ಲಿ ಈ ವಾದವನ್ನು ಬಿಗಿಗೊಳಿಸಿದ್ದಾರೆ. ಇನ್ನೊಂದು ತುದಿಯಲ್ಲಿ ಥಿಯೋ ಫೆನ್ನೆಮನ್ ಇದ್ದಾರೆ. ಬಾಸ್ಕ್ ಭಾಷೆಯ ಪೂರ್ವಜರು, ಕಾರ್ಥೇಜಿನ ನಾವಿಕರ ಸೆಮಿಟಿಕ್ ಭಾಷೆ ಎರಡನ್ನೂ ಅವರು ಎಳೆದುತರುತ್ತಾರೆ, ಸಹೋದ್ಯೋಗಿಗಳಲ್ಲಿ ಬಹುತೇಕರು ಒಪ್ಪುವುದಿಲ್ಲ.

ಭಾರತದಲ್ಲಿ ಇದಕ್ಕೆ ಸಮನಾದ ಪ್ರಶ್ನೆ ಇದೆ, ಅದು ಇಷ್ಟು ಮಬ್ಬಾಗಿಲ್ಲ. ಸಂಸ್ಕೃತದ 'ಮೀನ', 'ನೀರ' ದ್ರಾವಿಡದಿಂದ ಹೋದವು ಎಂದಾಗ ಕನ್ನಡ, ತಮಿಳು, ತೆಲುಗುಗಳು ಜೀವಂತ ಸಾಕ್ಷಿಗಳಾಗಿ ನಿಂತಿವೆ. ಕಿಟೆಲ್ 1894ರ ತಮ್ಮ ನಿಘಂಟಿನಲ್ಲೇ ಅಂಥ ಪದಗಳ ಪಟ್ಟಿ ಕೊಟ್ಟಿದ್ದಾರೆ. ಯುರೋಪಿನ ಆ ತಳಭಾಷೆಯಿಂದ ಒಂದು ವಾಕ್ಯವೂ ಉಳಿದಿಲ್ಲ. ಫೈಸ್ಟ್ ಪಟ್ಟಿಯ ಎಷ್ಟೋ ಪದಗಳಿಗೆ ನಂತರ ಇಂಡೋ-ಯುರೋಪಿಯನ್ ಮೂಲ ಸಿಕ್ಕಿದೆ. ಗೊತ್ತಿಲ್ಲದ್ದನ್ನೆಲ್ಲ ಗೊತ್ತಿಲ್ಲದ ಭಾಷೆಯ ಮೇಲೆ ಹೊರಿಸುವುದು ಉತ್ತರ ಕೊಟ್ಟಂತಲ್ಲ ಎಂಬ ಟೀಕೆಯಲ್ಲಿ ಹುರುಳಿದೆ.

ದನಿಯೇ ಮೂಲ ಎನ್ನುವವರು

1861ರ ಉಪನ್ಯಾಸಗಳಲ್ಲಿ ಮ್ಯಾಕ್ಸ್ ಮುಲ್ಲರ್ ಒಂದು ವಾದವನ್ನು 'ಬೌ-ವೌ ಸಿದ್ಧಾಂತ' ಎಂದು ಲೇವಡಿ ಮಾಡಿದ್ದರು. ಪದಗಳು ಪ್ರಾಣಿಗಳ ಕೂಗು, ಸದ್ದುಗಳ ಅನುಕರಣೆಯಿಂದ ಹುಟ್ಟಿದವು ಎಂಬುದು ಆ ವಾದ. ಅಂದಿನಿಂದ ಗಂಭೀರ ವಿದ್ವಾಂಸರು ಅತ್ತ ಹೋಗಲು ಹಿಂಜರಿದರು. ಆದರೆ 'ಸ್ನೀಜ್', 'ಸ್ನೋರ್', 'ಸ್ನಾರ್ಟ್', 'ಸ್ನಿಫ್', 'ಸ್ನೌಟ್' ಎಲ್ಲವೂ ಮೂಗಿನ ಸುತ್ತಲೇ ಏಕೆ? 'ಗ್ಲೋ', 'ಗ್ಲೀಮ್', 'ಗ್ಲಿಟರ್' ಏಕೆ ಹೊಳೆಯುತ್ತವೆ? ಜೆ. ಆರ್. ಫರ್ತ್ 1930ರಲ್ಲಿ ಇಂಥ ಅರ್ಥಸೂಚಕ ದನಿಗುಂಪುಗಳಿಗೆ ಒಂದು ಶಾಸ್ತ್ರೀಯ ಹೆಸರನ್ನೇ ಕೊಟ್ಟರು. ದಬದಬ, ಚಟಪಟ, ಗುಳುಗುಳುಗಳಿಗೆ ಅನುಕರಣಾವ್ಯಯವೆಂದು ವ್ಯಾಕರಣದಲ್ಲೇ ಜಾಗ ಕೊಟ್ಟಿರುವ ಕನ್ನಡದವರಿಗೆ ಈ ಹಿಂಜರಿಕೆ ವಿಚಿತ್ರವಾಗಿ ಕಾಣಬಹುದು.

ಈ ಪಂಥಕ್ಕೆ ಮರಳಿ ಮಾನ ತಂದವರು ಮಿನ್ನೆಸೋಟ ವಿಶ್ವವಿದ್ಯಾಲಯದ ಅನಾತೊಲಿ ಲಿಬರ್ಮನ್. 2008ರಲ್ಲಿ ಅವರು ಹೊರತಂದ ನಿಘಂಟಿನಲ್ಲಿ ಇರುವುದು 55 ಪದಗಳು ಮಾತ್ರ. ಮೂಲ ಅಜ್ಞಾತ ಎಂದು ಉಳಿದ ನಿಘಂಟುಗಳು ಕೈಬಿಟ್ಟ ಪದಗಳವು. ಶತಮಾನಗಳಲ್ಲಿ ಯಾರು ಯಾರು ಏನೇನು ಹೇಳಿದರೆಂಬುದನ್ನೆಲ್ಲ ಜಾಲಾಡಿ, ಪ್ರತಿಯೊಂದಕ್ಕೂ ಪುಟಗಟ್ಟಲೆ ಬರೆದಿದ್ದಾರೆ. ಸಣ್ಣ ಆಡುಮಾತುಗಳು ಮಕ್ಕಳ ಮಾತಿನಿಂದ, ಭಾವದ ದನಿಗಳಿಂದ ಹುಟ್ಟುತ್ತವೆ, ಅಂಥವನ್ನು ಧ್ವನಿ ನಿಯಮದ ಪಟ್ಟಿಗೆ ಹಾಕಿ ಅಳೆಯುವುದು ತಪ್ಪು ಎಂಬುದು ಅವರ ನಿಲುವು. 'ಬಾಯ್' ಅವರ ಪ್ರಕಾರ ದೆವ್ವಕ್ಕೆ ಹೇಳುತ್ತಿದ್ದ ಒಂದು ಅನುಕರಣ ಪದ ಮತ್ತು ಸಹೋದರನಿಗೆ ಮಕ್ಕಳು ಹೇಳುವ ಪದ ಎರಡೂ ಬೆರೆತು ಆದದ್ದು. ಇದಕ್ಕೆ ಎದುರಾಗಿ, ಕಾಲಿಗೆ ಸಂಕೋಲೆ ಬಿದ್ದವನು ಎಂಬರ್ಥದ ಫ್ರೆಂಚ್ ಪದದಿಂದ ಬಂತೆಂದು 1940ರಲ್ಲಿ ಡಾಬ್ಸನ್ ಎಂಬ ವಿದ್ವಾಂಸರು ವಾದಿಸಿದ್ದರು. 1300ರ ಸುಮಾರಿಗೆ 'ಬಾಯ್' ಎಂದರೆ ಆಳು, ಕೀಳು ಕೆಲಸದವನು ಎಂಬ ಅರ್ಥವೇ ಮುಂದಿದ್ದುದು ಅವರಿಗೆ ಬಲ ಕೊಡುತ್ತದೆ.

'ಡಾಗ್' ವಿಷಯಕ್ಕೆ ಬಂದರೆ, ಹಳೆಯ ಇಂಗ್ಲಿಷಿನಲ್ಲಿ ಸಿಗುವುದು ಹನ್ನೊಂದನೇ ಶತಮಾನದ ಆಸುಪಾಸಿನ ಒಂದು ಹಸ್ತಪ್ರತಿಯ ಟಿಪ್ಪಣಿ, ಲ್ಯಾಟಿನ್ ಸಾಲಿನ ಮೇಲೆ ಬರೆದ 'ಡೋಗ್ಗ' ಎಂಬ ಪದ, ಜೊತೆಗೆ ಕೆಲವು ಊರ ಹೆಸರುಗಳು. 16ನೇ ಶತಮಾನದ ಹೊತ್ತಿಗೆ ಅದು 'ಹೌಂಡ್'ನ್ನು ಬೇಟೆನಾಯಿಯ ಮಟ್ಟಕ್ಕೆ ಇಳಿಸಿ ತಾನೇ ನಾಯಿಕುಲಕ್ಕೆಲ್ಲ ಹೆಸರಾಗಿತ್ತು. ಪೋಲೆಂಡಿನ ಪ್ಯೋತ್ರ್ ಗಾಂಶೊರೋವ್ಸ್ಕಿ 2006ರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿದರು. 'ಫ್ರಾಗ್', 'ಸ್ಟ್ಯಾಗ್', 'ಪಿಗ್' ಪದಗಳ ಹಳೆಯ ರೂಪಗಳಿಗೂ ಇದೇ ಗಕಾರದ ಒತ್ತು ಬಾಲವಿದೆ, ಅದು ಮುದ್ದಿನ ಹೆಸರಿಗೆ ಹತ್ತುವ ಪ್ರತ್ಯಯ. ಕಪ್ಪೆಯ ಹಳೆಯ ಹೆಸರು 'ಫ್ರಾಸ್ಕ್' ಮೊಟಕಾಗಿ 'ಫ್ರಾಗ್ಗ' ಆದಂತೆ, ಮಾಸಲು ಬಣ್ಣದ್ದು ಎಂಬರ್ಥದ 'ಡಾಕ್ಸ್' ಮೊಟಕಾಗಿ 'ಡೋಗ್ಗ' ಆಗಿರಬಹುದು. ಹಾಗಾದರೆ ಡಾಗ್ ಎಂದರೆ ಕರಿಯ! ನಮ್ಮ ಬೀದಿಗಳಲ್ಲಿ ಎಷ್ಟೋ ನಾಯಿಗಳು ಇಂದಿಗೂ ಅದೇ ಹೆಸರಿಗೆ ಓಗೊಡುತ್ತವೆ. ಅಚ್ಚುಕಟ್ಟಾದ ವಾದ. ನಡುವಿನ ಮೆಟ್ಟಿಲನ್ನು ಬರಹದಲ್ಲಿ ಯಾರೂ ಕಂಡಿಲ್ಲ ಎಂಬುದೊಂದೇ ಅಡ್ಡಿ.

ಹೋಲಿಕೆ ಎಷ್ಟು ಮೋಸ ಮಾಡಬಲ್ಲದು ಎಂಬುದನ್ನೂ ಇದೇ ಪದ ತೋರಿಸುತ್ತದೆ. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲೆಂಡಿನ ಮೂಲನಿವಾಸಿಗಳ ಮ್ಬಬರಂ ಭಾಷೆಯಲ್ಲಿ ನಾಯಿಗೆ 'ಡಾಗ್' ಎಂದೇ ಹೆಸರು. ಇಂಗ್ಲಿಷಿನಿಂದ ಬಂದದ್ದಲ್ಲ. ಅಕ್ಕಪಕ್ಕದ ಭಾಷೆಗಳ 'ಗುಡಗ' ಎಂಬ ಪದ ಆ ಭಾಷೆಯ ಧ್ವನಿ ನಿಯಮಗಳಂತೆ ಸವೆದು ಹಾಗಾಯಿತೆಂದು ಭಾಷಾವಿಜ್ಞಾನಿ ಡಿಕ್ಸನ್ ತೋರಿಸಿಕೊಟ್ಟರು. ಪಾರ್ಸಿಯ 'ಬದ್' ಮತ್ತು ಇಂಗ್ಲಿಷಿನ 'ಬ್ಯಾಡ್' ಒಂದೇ ಅರ್ಥ ಕೊಟ್ಟರೂ ನೆಂಟರಲ್ಲ. ಕನ್ನಡದಲ್ಲಿ ಬೈಗುಳವಾಗಿ ಉಳಿದ ಬದ್ಮಾಷ್‌ನಲ್ಲಿರುವುದು ಪಾರ್ಸಿಯ ಬದ್.

ಮೂಲಾರ್ಥವೇ ನಿಜವಾದ ಅರ್ಥವೇ?

ನಿಘಂಟಿಗೆ ನಾಂದಿ ಹಾಡಿದ ಟ್ರೆಂಚ್ ಪಾದ್ರಿಗಳು 1851ರಲ್ಲಿ ಪದಗಳ ಅಧ್ಯಯನದ ಮೇಲೆ ಒಂದು ಪುಸ್ತಕ ಬರೆದಿದ್ದರು. ಪದಗಳ ಒಡಲಲ್ಲಿ ಜನಾಂಗದ ನೀತಿ, ಇತಿಹಾಸಗಳು ಅಡಗಿವೆ, ಮೂಲ ಬಗೆದರೆ ಸತ್ಯ ಸಿಗುತ್ತದೆ ಎಂಬ ನಂಬಿಕೆ ಅಲ್ಲಿದೆ. ಅದಕ್ಕೂ ಹಿಂದೆ ಇಂಗ್ಲೆಂಡಿನ ಹಾರ್ನ್ ಟುಕ್ ಇದನ್ನು ತತ್ತ್ವವಾಗಿಯೇ ಬೆಳೆಸಿದ್ದ. ಇಂದಿಗೂ ಪತ್ರಿಕೆಗಳಿಗೆ ಓದುಗರು ಬರೆಯುವುದುಂಟು: 'ಡೆಸಿಮೇಟ್' ಎಂದರೆ ಹತ್ತರಲ್ಲಿ ಒಬ್ಬನನ್ನು ಕೊಲ್ಲುವುದು, ಸರ್ವನಾಶಕ್ಕೆ ಅದನ್ನು ಬಳಸಬಾರದು ಎಂದು.

ಪದಗಳ ನಡೆ ಈ ನಂಬಿಕೆಗೆ ಒಗ್ಗುವುದಿಲ್ಲ. 'ಸಿಲ್ಲಿ' ಮೊದಲು ಧನ್ಯ, ಭಾಗ್ಯವಂತ ಎಂಬರ್ಥದಲ್ಲಿತ್ತು. ಅಲ್ಲಿಂದ ಮುಗ್ಧ, ಪಾಪದವನು, ದುರ್ಬಲ ಎಂದು ಇಳಿಯುತ್ತಾ ಪೆದ್ದನಾಯಿತು. 'ನೈಸ್' ತಿರುಗುಮುರುಗು ಹೋಯಿತು. ಏನೂ ಅರಿಯದ ಎಂಬರ್ಥದ ಲ್ಯಾಟಿನ್ನಿಂದ ಹೊರಟು ದಡ್ಡ, ಅತಿ ನಾಜೂಕು ಎಂದೆಲ್ಲ ಆಗಿ 18ನೇ ಶತಮಾನದಲ್ಲಿ ಹಿತವಾದದ್ದು ಎಂಬಲ್ಲಿಗೆ ಬಂತು. 'ಮೀಟ್' ಎಲ್ಲ ಬಗೆಯ ಆಹಾರವಾಗಿತ್ತು, 'ಡಿಯರ್' ಯಾವುದೇ ಪ್ರಾಣಿಯಾಗಿತ್ತು. ಸಂಸ್ಕೃತದ 'ಮೃಗ'ಕ್ಕೂ ಕಾಡುಪ್ರಾಣಿ, ಜಿಂಕೆ ಎರಡೂ ಅರ್ಥವಿದ್ದು, ಕನ್ನಡ ಮೊದಲನೆಯದನ್ನು ಉಳಿಸಿಕೊಂಡರೆ ಇಂಗ್ಲಿಷ್ ತನ್ನ ಪದದಲ್ಲಿ ಎರಡನೆಯದನ್ನು ಉಳಿಸಿಕೊಂಡಿತು. 'ಗರ್ಲ್' ಎಂದರೆ 1300ರ ಸುಮಾರಿಗೆ ಗಂಡೋ ಹೆಣ್ಣೋ, ಯಾವುದೇ ಮಗು.

1897ರಲ್ಲಿ ಫ್ರಾನ್ಸಿನ ಮಿಶೆಲ್ ಬ್ರೆಯಾಲ್ ಅರ್ಥಪಲ್ಲಟಗಳನ್ನೇ ಪ್ರತ್ಯೇಕ ಶಾಸ್ತ್ರವಾಗಿ ಕಟ್ಟಿದರು. ಭಾಷಾವಿಜ್ಞಾನಿ ಸೊಸ್ಯೂರ್ ನಂತರದವರು ಇನ್ನೂ ಖಂಡಿತವಾಗಿ, ಆಡುವವನ ತಲೆಯಲ್ಲಿ ಇಲ್ಲದ ಮೂಲಕ್ಕೆ ಇಂದಿನ ಅರ್ಥದಲ್ಲಿ ಪಾಲಿಲ್ಲ ಎಂದರು. ಈ ವಿಷಯದಲ್ಲಿ ವಿದ್ವತ್‌ವಲಯದ ತೀರ್ಪು ಬಹುಮಟ್ಟಿಗೆ ಹೊರಬಿದ್ದಿದೆ, ಮತ್ತು ಅದು ಸರಿಯಾಗಿಯೇ ಇದೆ. ಹತ್ತರಲ್ಲೊಂದರ ಲೆಕ್ಕವನ್ನು ಒತ್ತಾಯಿಸುವವರಲ್ಲಿ 'ಸಿಲ್ಲಿ'ಯನ್ನು ಧನ್ಯ ಎಂಬರ್ಥದಲ್ಲಿ ಯಾರೂ ಬಳಸುವುದಿಲ್ಲ. ಆದರೂ ಮೂಲ ತಿಳಿದವನಿಗೆ ಹಳೆಯ ಪಠ್ಯ ತೆರೆದುಕೊಳ್ಳುತ್ತದೆ. ಕವಿ ಚಾಸರ್‌ನ 'ಗರ್ಲ್ಸ್' ಹುಡುಗರೂ ಹೌದು ಎಂದು ಗೊತ್ತಿಲ್ಲದೆ ಆತನನ್ನು ಓದುವುದು ಹೇಗೆ?

ತೀರ್ಮಾನವಾಗದೆ ಉಳಿದವು

'ಗರ್ಲ್' ಮೂಲಕ್ಕೆ ಎರಡು ಗಟ್ಟಿ ಹಕ್ಕುದಾರರಿದ್ದಾರೆ. ಉಡುಪು ಎಂಬರ್ಥದ ಹಳೆಯ ಇಂಗ್ಲಿಷ್ ಪದವೇ ಉಟ್ಟವರ ಹೆಸರಾಯಿತು ಎನ್ನುವವರು ಒಂದು ಕಡೆ, ಮಗುವಿಗೆ ಹೇಳುವ ಕೆಳ ಜರ್ಮನ್ ಪದದಿಂದ ಎರವಲು ಬಂತೆನ್ನುವವರು ಇನ್ನೊಂದು ಕಡೆ. 'ಬ್ಯಾಡ್' ಪದವನ್ನು ನಪುಂಸಕ ಎಂಬರ್ಥದ 'ಬ್ಯಾಡೆಲ್'ಗೆ ಜೋಡಿಸುವ ವಾದಕ್ಕೆ ಪೂರ್ತಿ ಬೆಂಬಲವೂ ಇಲ್ಲ, ಬದಲಿ ಉತ್ತರವೂ ಇಲ್ಲ. 'ಬಿಗ್' 1300ರ ಹೊತ್ತಿಗೆ ಉತ್ತರದ ಬರಹಗಳಲ್ಲಿ ಕಾಣುವುದರಿಂದ ನಾರ್ಸ್ ಮೂಲದ್ದಿರಬಹುದು ಎಂಬಲ್ಲಿಗೆ ಮಾತು ನಿಂತಿದೆ. ಇಂಗ್ಲಿಷರಿಗಿಂತ ಮೊದಲು ಬ್ರಿಟನ್ನಿನಲ್ಲಿದ್ದ ಕೆಲ್ಟಿಕ್ ಜನರಿಂದ ಪದಗಳು ಇಷ್ಟು ಕಡಿಮೆ ಏಕೆ ಬಂದವು ಎಂಬುದಕ್ಕೂ ಒಪ್ಪಿತ ಉತ್ತರವಿಲ್ಲ. ಪದ ಬರದಿದ್ದರೇನು, ವ್ಯಾಕರಣವೇ ಅವರ ಪ್ರಭಾವದಿಂದ ಬದಲಾಯಿತು ಎಂದು ಜಾನ್ ಮೆಕ್‌ವರ್ಟರ್ ವಾದಿಸುತ್ತಾರೆ, ಇತರರು ತಲೆಯಾಡಿಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಕರಾರು ವಿಧಾನದ್ದು. ದನಿ ಮತ್ತು ಭಾವದಿಂದ ಹುಟ್ಟಿದ ಪದ ನಿಯಮ ಮೀರಬಹುದೆಂದು ಒಪ್ಪಿದರೆ, ಯಾವ ಊಹೆಯನ್ನು ಯಾವ ಆಧಾರದ ಮೇಲೆ ತಳ್ಳಿಹಾಕಬೇಕು? ಒಪ್ಪದಿದ್ದರೆ, ಎಲ್‌ಕೆಜಿ ಪುಸ್ತಕದ ಆ ಪದಗಳಿಗೆ ಉತ್ತರ ಸಿಗುವ ದಾರಿ ಯಾವುದು? ಲಿಬರ್ಮನ್ ಪಂಥ ಮತ್ತು ಧ್ವನಿ ನಿಯಮದ ಪಂಥ ಇಲ್ಲಿ ಎದುರುಬದುರು ನಿಂತಿವೆ.

ಕನ್ನಡ ನಾಡಿನ ಹೆಸರಿರುವ ಒಂದು ವ್ಯಾಜ್ಯವೂ ಬಾಕಿ ಇದೆ. ನಮ್ಮ ಕಾಡಿನ ಸೀಳುನಾಯಿಗೆ ಇಂಗ್ಲಿಷಿನಲ್ಲಿ 'ಧೋಲ್' ಎನ್ನುತ್ತಾರೆ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರ ಬೇಟೆಯ ಮತ್ತು ಪ್ರಾಣಿಶಾಸ್ತ್ರದ ಪುಸ್ತಕಗಳಿಗೆ ಬಂದ ಪದ, ಕಿಪ್ಲಿಂಗ್ ಕಥೆಯಿಂದ ಜನಪ್ರಿಯವಾಯಿತು. ಕನ್ನಡದ 'ತೋಳ' ಅದರ ಮೂಲವಿರಬಹುದು ಎಂದು ನಿಘಂಟುಗಳು 'ಬಹುಶಃ' ಎಂಬ ಎಚ್ಚರಿಕೆಯೊಂದಿಗೆ ಬರೆಯುತ್ತವೆ. ಅಡಚಣೆಗಳು ಎರಡು. ಕನ್ನಡಿಗರು ಸೀಳುನಾಯಿಯನ್ನು ತೋಳ ಎನ್ನುವುದಿಲ್ಲ, ತೋಳ ಬೇರೆಯೇ ಪ್ರಾಣಿ. ಸೀಳುನಾಯಿ ಇರುವ ಕಾಡುಗಳ ಜನರ ಬಾಯಲ್ಲಿ 'ಧೋಲ್' ಎಂಬ ಹೆಸರೇ ಕೇಳಿಬರುವುದಿಲ್ಲವೆಂದು 19ನೇ ಶತಮಾನದ ಪ್ರಾಣಿತಜ್ಞರೇ ಬರೆದಿದ್ದಾರೆ. ಮೈಸೂರು ಸೀಮೆಯಲ್ಲೋ ಬಳ್ಳಾರಿಯ ಕಡೆಯಲ್ಲೋ ಇದ್ದ ಒಬ್ಬ ಅಧಿಕಾರಿ ಕನ್ನಡದವರಿಂದ ಕೇಳಿದ ಹೆಸರನ್ನು ತಪ್ಪು ಪ್ರಾಣಿಗೆ ಹಚ್ಚಿದನೆಂದು ತೋರಿಸುವ ಒಂದು ಪತ್ರವೋ ದಿನಚರಿಯೋ ಸಿಕ್ಕರೆ 'ಬಹುಶಃ' ಅಳಿಸಿಹೋಗುತ್ತದೆ. ಅದಿಲ್ಲದೆ ತೋಳದ ಹಕ್ಕು ದನಿಯ ಹೋಲಿಕೆಯೊಂದರ ಮೇಲೆಯೇ ನಿಂತಿದೆ.